ಮ ಒತ್ತಿದರೆ ಸ

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಹಳೆಯ ತಾಳೆಗರಿಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆದಿತ್ತು. ಗರಿಗಳು ಮುಟ್ಟಿದರೆ ಪುಡಿಯಾಗುವಷ್ಟು ಹಳೆಯವು. ಬೆಳಿಗ್ಗೆ ಅಡಿವೆಯ್ಯ ಟೈಪ್ ಮಾಡುತ್ತಿದ್ದ, ಮಧ್ಯಾಹ್ನ ಮಡಿವಾಳಯ್ಯ. ಇಬ್ಬರೂ ಆ ಮಠದ ಶಿಷ್ಯರು, ಮಠದ ಖೋಲಿಗಳಲ್ಲೇ ವಾಸ.

ಒಂದು ದಿನ ಅಡಿವೆಯ್ಯ ಕೆಲಸ ಬಿಟ್ಟೆದ್ದು ಗುರುಗಳ ಮುಂದೆ ಬಂದು ನಿಂತ. ಗುರುಗಳನ್ನು ಮಠದಲ್ಲಿ ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಅಜ್ಜಾರ, ಕೀಬೋರ್ಡಿಗೆ ಹುಚ್ಚ ಹಿಡದೈತ್ರಿ. ನಾ ಒಂದು ಒತ್ತಿದ್ರ ಅದು ಇನ್ನೊಂದು ಬರೀತೈತಿ."

"ಬಿಚ್ಚಿ ನೋಡಿದೇನು?"

"ಬಿಚ್ಚಿ ಒರಸೀನ್ರಿ. ವೈರ್ ಬದಲ ಮಾಡೀನಿ. ಪ್ಯಾಟಿಗೆ ಹೋಗಿ ಹೊಸಾ ಕೀಬೋರ್ಡ ತಂದೀನಿ. ಅದೂ ಹಂಗ ಮಾಡ್ತೈತಿ."

"ಹೊಸಾದಕ್ಕೂ ಹುಚ್ಚ ಹಿಡೀತು ಅನ್ನು." ಅಜ್ಜಾರು ನಕ್ಕರು.

ಅಡಿವೆಯ್ಯನಿಗೆ ನಗು ಬರಲಿಲ್ಲ. "ಇದು ಮಡಿವಾಳಯ್ಯನ ಕಿತಾಪತಿ ಐತ್ರಿ. ಅವ ಕುಂತ್ರ ಎಲ್ಲಾ ಸರಿ, ನಾ ಕುಂತ್ರ ತಪ್ಪು. ಬೆಳಿಗ್ಗೆ ನನಗಿಂತ ಮೊದ್ಲ ಅಲ್ಲಿಗೆ ಹೋಗಿ ಏನೋ ಒತ್ತಿ ಬರ್ತಾನ. ಕಣ್ಣಾರೆ ನೋಡೀನಿ. ಅವನ್ನ ಬ್ಯಾರೆ ಮಠಕ್ಕ ಕಳಸ್ರಿ. ಇಲ್ಲಾಂದ್ರ ನಾನ ಹೋಗ್ತೀನಿ."

ಅಜ್ಜಾರು ಎದ್ದು ನಿಂತರು.

"ಅವಂದ ತಪ್ಪಂತ ಗೊತ್ತಾದ್ರ ಕಳಸ್ತೀನಿ. ಮೊದ್ಲ ನಡಿ, ಆ ಹುಚ್ಚು ನೋಡೂಣು."

ಅಜ್ಜಾರಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಆದರೆ ಕುತೂಹಲಕ್ಕೇನೂ ಬರವಿರಲಿಲ್ಲ. ಕುರ್ಚಿಯ ಹಿಂದೆ ನಿಂತು ಬಗ್ಗಿ ನೋಡಿದರು.

"'ಮನ' ಅಂತ ಬರಿ."

ಪರದೆಯ ಮೇಲೆ 'ಸಲ' ಎಂದು ಬಂತು.

"ಇನ್ನೊಮ್ಮೆ ಬರಿ."

ಮತ್ತೆ 'ಸಲ'.

"ಒಂದ ಅಕ್ಷರಾನೂ ಸರಿ ಬರೂದಿಲ್ಲೇನು?"

ಅಡಿವೆಯ್ಯ ಒಂದೊಂದೇ ಗುಂಡಿ ಒತ್ತಿ ನೋಡಿದ. ಇದನ್ನು ಅವನು ಹಿಂದೆ ಮಾಡಿರಲಿಲ್ಲ. ಸಿಟ್ಟು ಮಾಡಿಕೊಳ್ಳುವವನಿಗೆ ಪುರುಸೊತ್ತೆಲ್ಲಿ?

"ಕ ಸರಿ ಬರ್ತೈತ್ರಿ. ಮ ಒತ್ತಿದ್ರ ಸ ಬರ್ತೈತಿ. ನ ಒತ್ತಿದ್ರ ಲ."

"ಯಾವಾಗ್ಲೂ ಹಂಗೇನು?"

"ಯಾವಾಗ್ಲೂ ಹಂಗರೀ." ಅವನ ದನಿಯಲ್ಲೂ ಈಗ ಸಿಟ್ಟಿಗಿಂತ ಅಚ್ಚರಿ ಹೆಚ್ಚಿತ್ತು.

"ಹುಚ್ಚ ಹಿಡದಾವ ಇಷ್ಟು ನೇಮದಿಂದ ಇರ್ತಾನೇನೋ? ಅದು ಬ್ಯಾರೆ ಪದ್ಧತಿ ಹಿಡದೈತಿ. ಹಿಡಸಿದವ್ರು ಯಾರಂತ ನೋಡೂಣು."

ಕನ್ನಡ ಟೈಪ್ ಮಾಡಲು ಒಂದಕ್ಕಿಂತ ಹೆಚ್ಚು ಪದ್ಧತಿಗಳಿವೆ, ಒಂದೇ ಗುಂಡಿಗೆ ಒಂದೊಂದರಲ್ಲಿ ಒಂದೊಂದು ಅಕ್ಷರ ಎಂಬುದು ಅಡಿವೆಯ್ಯನಿಗೆ ಆಗ ಹೊಳೆಯಿತು. ಮಡಿವಾಳಯ್ಯ ದಿನಾ ಬೆಳಿಗ್ಗೆ ಬದಲಿಸುವುದು ಅದನ್ನೇ! ಕಳ್ಳ ಸಿಕ್ಕಿಬಿದ್ದನೆಂದು ಒಳಗೊಳಗೇ ಹಿಗ್ಗಿದ.

ಮರುದಿನ ಬೆಳಗಾಗುತ್ತಲೇ ಗುರು ಶಿಷ್ಯರಿಬ್ಬರೂ ಬಾಗಿಲ ಮರೆಯಲ್ಲಿ ನಿಂತರು. ಮಡಿವಾಳಯ್ಯ ಬಂದ. ಕಂಪ್ಯೂಟರ್ ಚಾಲೂ ಮಾಡಿದ, ಏನೋ ಒತ್ತಿದ, ಹೋದ.

"ನೋಡಿದ್ರಿಲ್ರಿ, ಅಜ್ಜಾರ?"

"ನೋಡಿದೆ. ಈಗ ನೀ ಕೂಡು. ದಿನಾ ಹೆಂಗ ಸುರು ಮಾಡ್ತಿ, ಹಂಗ ಮಾಡು."

ಅಡಿವೆಯ್ಯ ಕೂತು ಕೈಮುಗಿದ. ವಿದ್ಯೆಯ ಉಪಕರಣಕ್ಕೆ ವಿಭೂತಿ ಹಚ್ಚದೆ ಅವನು ಕೆಲಸ ಶುರುಮಾಡಿದವನೇ ಅಲ್ಲ. ಮೂರು ಬೆರಳಿಗೆ ವಿಭೂತಿ ತಗೊಂಡು ಕೀಬೋರ್ಡಿನ ಎಡಮೂಲೆಗೆ ಕೈ ಚಾಚಿದ.

ಅಜ್ಜಾರು ಆ ಕೈ ಹಿಡಿದರು. "ತಡಿ. ಮೊದ್ಲ ಬರಿ."

ಅವನು ಎಡಗೈಯಲ್ಲೇ ಬರೆದ. 'ಮನ' ಎಂದೇ ಬಂತು.

"ಈಗ ಹಚ್ಚು."

ಮೂರು ಬೆರಳು ಭಕ್ತಿಯಿಂದ ಎಳೆದವು. ಮೂಲೆಯ ಎರಡು ಗುಂಡಿಗಳು ಒಟ್ಟಿಗೇ ಒತ್ತಿಕೊಂಡವು.

"ಈಗ ಬರಿ."

'ಸಲ'.

ಅಡಿವೆಯ್ಯ ತನ್ನ ಬೆರಳುಗಳನ್ನೇ ನೋಡುತ್ತ ಕೂತ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಹಂಗಾದ್ರ ಅವ ಬಂದು ಒತ್ತೂದು ಏನ್ರಿ?" ಎಂದು ಮೆಲ್ಲಗೆ ಕೇಳಿದ.

ಅಜ್ಜಾರು ಕಿಟಕಿಯಿಂದ ಮಡಿವಾಳಯ್ಯನನ್ನು ಕೂಗಿದರು. ಅವನು ಬಂದ. ಹೆಗಲಲ್ಲಿ ಬಟ್ಟೆಯ ಚೀಲವಿತ್ತು. ದೂರು ಅವನ ಕಿವಿಗೂ ಬಿದ್ದಿತ್ತು. ಹೋಗು ಎನ್ನಿಸಿಕೊಳ್ಳುವ ಮೊದಲೇ ಗಂಟು ಕಟ್ಟಿದ್ದ.

"ಬೆಳಿಗ್ಗೆ ಏನ ಒತ್ತಿದ್ಯೋ?"

"ಎಲ್ಲಾ ಸರಿ ಬರ್ತೈತೇನು ಅಂತ ಒತ್ತಿ ನೋಡಿದ್ನಿರಿ. ಮಧ್ಯಾಹ್ನ ನಾ ಬಂದಾಗ ಅಕ್ಷರ ಬದಲಾಗಿರ್ತಾವು. ಯಾಕಂತ ನನಗೂ ಗೊತ್ತಿಲ್ರಿ. ಹಿಂಗ ಮಾಡಿದ್ರ ಸರಿ ಆಗ್ತೈತಿ." ಅವನು ಬಗ್ಗಿ ಅವೇ ಎರಡು ಗುಂಡಿ ಒತ್ತಿದ. "ಬೆಳಿಗ್ಗೆ ಇವಗ ತ್ರಾಸ ಆಗಬಾರ್ದಂತ ಮೊದ್ಲ ಬಂದು ನೋಡಿ ಹೋಗ್ತೀನ್ರಿ."

"ಮತ್ತ ನನಗ ಯಾಕ ಹೇಳ್ಲಿಲ್ಲೋ?" ಅಡಿವೆಯ್ಯ ಅವನತ್ತ ತಿರುಗಿ ಕೇಳಿದ.

"ನಾ ಒಳಗ ಬಂದ ಕೂಡ್ಲೆ ನೀ ಎದ್ದು ಹೊರಗ ಹೋಗ್ತಿದ್ದಿ."

ಅಜ್ಜಾರು ಮಡಿವಾಳಯ್ಯನ ಹೆಗಲಿನಿಂದ ಚೀಲ ಇಳಿಸಿ ಅಡಿವೆಯ್ಯನ ಹೆಗಲಿಗೆ ಹಾಕಿದರು.

ಹೊರಡಬೇಕಾದವನು ತಾನೇ ಎಂದುಕೊಂಡ ಅಡಿವೆಯ್ಯ. ಇಲ್ಲದಿದ್ದರೆ ನಾನೇ ಹೋಗುತ್ತೇನೆ ಎಂದವನು ಅವನೇ ತಾನೆ.

"ನಾ ಯಾವ ಮಠಕ್ಕ ಹೋಗಬೇಕ್ರಿ, ಅಜ್ಜಾರ?"

"ಮಡಿವಾಳಯ್ಯನ ಖೋಲಿ ತನಕ ಹೋಗು. ಅಷ್ಟು ದೂರ ನೀ ಇನ್ನೂ ಹೋಗಿಲ್ಲ."