ತುಟಿಯ ಗೆರೆ

ವ್ಯವಹಾರ ಇಷ್ಟೇ: ಕೆಳತುಟಿಯ ಕ್ಯಾನ್ಸರ್ ಹೋಗಬೇಕು, ಕ್ಲಾರಿನೆಟ್ ಉಳಿಯಬೇಕು. ಒಂದು ಸಿಕ್ಕಿ ಇನ್ನೊಂದು ತಪ್ಪಿದರೆ ಇಮಾಮಸಾಬರಿಗೆ ನಷ್ಟವೇ.

ಆಗ ನಮ್ಮೂರಿನ ಪ್ರತಿ ಮದುವೆಗೂ ಬ್ಯಾಂಡ್‌ಸೆಟ್ ಇರುತ್ತಿತ್ತು, ಬ್ಯಾಂಡ್‌ಸೆಟ್ಟಿನ ಮುಂದೆ ಇಮಾಮಸಾಬರು. ನಾನು ಜವಳಿ ವ್ಯಾಪಾರಿ. ಅವರ ಕ್ಲಾರಿನೆಟ್ ಹಾದುಹೋದ ಬೀದಿಯಲ್ಲಿ ಸೀರೆ ಹೆಚ್ಚು ಹೋಗುತ್ತಿತ್ತು. ಅವರ ಜೊತೆ ದವಾಖಾನೆಗೆ ಹೋದವನೂ ನಾನೇ.

ಹೊಳೆದಂಡೆಯಲ್ಲಿ ವಿರೂಪಾಕ್ಷಯ್ಯ ಡಾಕ್ಟರ ದವಾಖಾನೆ. ಜ್ವರ, ಕೆಮ್ಮು, ಸಣ್ಣಪುಟ್ಟ ಆಪರೇಷನ್, ಎಲ್ಲ ಅಲ್ಲೇ. ಅವರ ಕೈಕೆಳಗೆ ಕೆಲಸ ಕಲಿಯಲು ಬಂದಿದ್ದ ಹೊಸ ಡಾಕ್ಟರ್ ಶಶಿರೇಖಾ.

ತುಟಿಯ ಹುಣ್ಣಿನ ಚೂರು ಪರೀಕ್ಷೆಗೆ ಹೋಗಿ ಉತ್ತರ ಬಂದಿತ್ತು. ಚರ್ಮದ ಕ್ಯಾನ್ಸರ್, ಇನ್ನೂ ಹೆಸರುಕಾಳಿನಷ್ಟು.

"ದೊಡ್ಡಾಸ್ಪತ್ರೆಗೆ ಹೋಗಿ, ಸಾಬ್ರೇ" ಅಂದರು ಡಾಕ್ಟರು.

"ಅಲ್ಲಿ ನಾನು ಒಂದು ತುಟಿ, ಅಷ್ಟೇ. ಇಲ್ಲಿ ಇಮಾಮಸಾಬ್" ಅಂದರು ಅವರು.

ಆಪರೇಷನ್ ದಿನ ಡಾಕ್ಟರು ಕೈ ತೊಳೆಯಲು ಒಳಗೆ ಹೋದರು. ಮೇಜಿನ ಮೇಲೆ ಮಲಗಿದ್ದ ಇಮಾಮಸಾಬರು ಸೂಜಿ ನೋಯುತ್ತಾ ಅಂತ ಎರಡು ಸಲ ಕೇಳಿದರು. ಶಶಿರೇಖಾಳಿಗೆ ತಡೆಯಲಾಗಲಿಲ್ಲ. ಮರಗಟ್ಟಿಸುವ ಔಷಧದ ಶೀಶೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಸೂಜಿಯಿಂದ ತುಟಿಯೊಳಗೆ ಮೆಲ್ಲಗೆ ಬಿಟ್ಟಳು.

"ಇರುವೆ ಕಚ್ಚಿದ ಹಾಗಾಯ್ತು ಕಣಮ್ಮಾ, ಅಷ್ಟೇ" ಅಂದರು ಇಮಾಮಸಾಬರು. ಅವಳ ಮುಖ ಅರಳಿತು.

ಡಾಕ್ಟರು ಗುರುತು ಹಾಕುವ ಪೆನ್ನು ಹಿಡಿದು ಬಂದರು. ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

"ಗೆರೆ ಎಲ್ಲಿ?"

"ಯಾವ ಗೆರೆ ಸರ್?"

"ತುಟಿ ಮುಗಿದು ಚರ್ಮ ಶುರುವಾಗುವ ಗೆರೆ. ಹುಣ್ಣು ಮುಗಿದು ಒಳ್ಳೆಯದು ಶುರುವಾಗುವ ಗೆರೆ."

ಅವಳು ದೀಪ ಹತ್ತಿರ ಎಳೆದಳು. ಔಷಧಕ್ಕೆ ತುಟಿ ಊದಿತ್ತು, ಬಿಳಿಚಿತ್ತು. ಎಲ್ಲವೂ ಒಂದೇ ಬಣ್ಣ.

"ನೋವಾಗಬಾರದು ಅಂತ ಮೊದಲು ಸೂಜಿ ಹಾಕಿದೆ ಸರ್. ಗುರುತು ಆಮೇಲೆ ಹಾಕೋಣ ಅಂದುಕೊಂಡೆ."

"ಸರಿ. ಈಗ ಹಾಕು."

ಅವಳು ಪೆನ್ನು ಮುಟ್ಟಲಿಲ್ಲ. "ಅಂದಾಜಿನ ಮೇಲೆ ತೆಗೆಯಬಹುದಲ್ಲ ಸರ್? ಮರಗಟ್ಟಿದೆ, ಅವರಿಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ. ನೀನು ತಪ್ಪಿದರೂ ಗೊತ್ತಾಗಲ್ಲ."

ಆಮೇಲೆ ಅವರು ಇಮಾಮಸಾಬರ ಕಡೆ ತಿರುಗಿದರು. "ಸಾಬ್ರೇ, ಕ್ಲಾರಿನೆಟ್ ತಂದಿದ್ದೀರಾ?"

"ಬಿಟ್ಟು ಬರೋದುಂಟಾ?"

"ಸ್ವಲ್ಪ ಊದಿ."

ಇಮಾಮಸಾಬರು ಎದ್ದು ಕೂತು ಊದಿದರು. ಕೊರ್ ಅಂತೊಂದು ಸದ್ದು ಬಂತು, ಜೊಲ್ಲು ಇಳಿಯಿತು.

"ಇದೇನ್ರೀ, ಬಾತುಕೋಳಿ!" ಅಂತ ನಕ್ಕರು. ಮತ್ತೆ ಊದಿದರು. ಅದೇ ಸದ್ದು. ಈ ಸಲ ನಗಲಿಲ್ಲ. ಕ್ಲಾರಿನೆಟ್ಟನ್ನು ಎದೆಗೆ ಹಿಡಿದುಕೊಂಡು ಕೂತರು.

ಡಾಕ್ಟರು ಕತ್ತಿಯನ್ನು ಟ್ರೇಯಿಂದ ಎತ್ತಿ ಶಶಿರೇಖಾಳ ಕೈಗಿಟ್ಟರು. "ಮರಗಟ್ಟಿದೆಯಲ್ಲ, ತೆಗಿ."

ಅವಳು ಕತ್ತಿ ನೋಡಿದಳು, ತುಟಿ ನೋಡಿದಳು. ಕತ್ತಿಯನ್ನು ಮತ್ತೆ ಟ್ರೇಯಲ್ಲಿಟ್ಟಳು.

"ಸಾಬ್ರೇ, ತಪ್ಪು ನನ್ನದು. ಇವತ್ತು ಆಗಲ್ಲ. ಗುರುವಾರ ಬರ್ತೀರಾ?"

"ಬಾತುಕೋಳಿ ಹಾಗೇ ಉಳಿಯೋದಿಲ್ಲ ತಾನೇ?"

"ಇಲ್ಲ. ಮರಗಟ್ಟಿದ್ದು ಬಿಡೋವರೆಗೂ ನಾನು ಇಲ್ಲೇ ಕೂತಿರ್ತೀನಿ."

ಇಬ್ಬರೂ ಕೂತರು. ನಾನೂ ಕೂತೆ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರೂ ಏಳಲು ಮನಸ್ಸಾಗಲಿಲ್ಲ. ಹೊಳೆಯ ಮೇಲೆ ಬಿಸಿಲು ಇಳಿಯುವ ಹೊತ್ತಿಗೆ ಕೊರ್ ಸದ್ದು ತೆಳುವಾಯಿತು, ಸ್ವರವೊಂದು ಹೊರಟಿತು, ಅದರ ಹಿಂದೆ ಇನ್ನೊಂದು. ಅಂಥ ಸಂಜೆಗೆ ಬೆಲೆ ಕಟ್ಟಲು ನನ್ನಂಥವನಿಗೂ ಬರುವುದಿಲ್ಲ.

ಗುರುವಾರ ಅವಳು ಮೊದಲು ಊದಲು ಹೇಳಿದಳು. ಕ್ಲಾರಿನೆಟ್ ಕೂರುವ ಜಾಗ ನೋಡಿಕೊಂಡಳು. ತುಟಿಯ ಅಂಚಿಗೆ ಗೆರೆ, ಹುಣ್ಣಿನ ಸುತ್ತ ಗೆರೆ. ಕನ್ನಡಿ ಹಿಡಿದು ತೋರಿಸಿದಳು. ಇಮಾಮಸಾಬರು ತಲೆಯಾಡಿಸಿದ ಮೇಲೆಯೇ ಸೂಜಿ. ಔಷಧ ಹತ್ತುವವರೆಗೆ ಸುಮ್ಮನೆ ಕಾದಳು. ಡಾಕ್ಟರು ಗೋಡೆಗೆ ಒರಗಿ, ಕೈ ಹಿಂದೆ ಕಟ್ಟಿ ನಿಂತಿದ್ದರು. ಆಪರೇಷನ್ ಮುಗಿಯುವವರೆಗೂ ಆ ಕೈ ಮುಂದೆ ಬರಲಿಲ್ಲ.

ಈಗ ಆ ದವಾಖಾನೆ ಇದ್ದಲ್ಲಿ ಮೊಬೈಲ್ ಅಂಗಡಿ. ಮದುವೆಗೆ ಡಿಜೆ ತರುತ್ತಾರೆ; ಸೀರೆ ಫೋನಿನಲ್ಲೇ ಕೊಳ್ಳುತ್ತಾರೆ.

ಆ ವರ್ಷ ನನ್ನ ತಂಗಿಯ ಮದುವೆಗೆ ಇಮಾಮಸಾಬರೇ ಊದಿದರು. ತೆಗೆದ ಚೂರಿನ ಅಂಚು ಸುತ್ತಲೂ ಶುದ್ಧ, ಕ್ಯಾನ್ಸರ್ ಪೂರ್ತಿ ಹೋಗಿದೆ ಅಂತ ಪರೀಕ್ಷೆಯ ಉತ್ತರ ಆಗಲೇ ಬಂದಿತ್ತು. ಮೇಲಿನ ಸ್ವರ ಮಾತ್ರ ಕೊಂಚ ತೆಳುವಾಗಿತ್ತು.

ಊಟದ ಪಂಕ್ತಿಯಲ್ಲಿ ಡಾಕ್ಟರ ಪಕ್ಕ ಕೂತಿದ್ದ ಶಶಿರೇಖಾ ಕೈ ನಿಲ್ಲಿಸಿ ಕ್ಲಾರಿನೆಟ್ ಕೇಳುತ್ತಿದ್ದಳು.

"ಸರ್, ಮೊದಲಿನಷ್ಟು ಇಲ್ಲ, ಅಲ್ವಾ?"

"ಇಲ್ಲ."

"ಹಾಗಾದರೆ ನಾವು ಗಳಿಸಿದ್ದೇನು ಸರ್?"

ಡಾಕ್ಟರು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

"ಅವರು ಆಯುಷ್ಯ ಗಳಿಸಿದರು, ಊರು ಈ ಹಾಡು ಗಳಿಸಿತು. ನೀನು, ಕತ್ತಿ ಕೆಳಗಿಟ್ಟ ಒಂದು ದಿನ."