ಬಸವನಿಗೆ ಹೇಳಿದ ಮಾತು

ಶಿಷ್ಯ ಕೇಳಿದ: "ಗುರುಗಳೇ, ಗಂಡ ಹೆಂಡಿರ ನಡುವೆ ಮಾತು ಕೆಟ್ಟರೆ ಅವರೇ ಕೂತು ಸರಿಮಾಡಿಕೊಳ್ಳಬೇಕು. ಹೊರಗಿನವರ ಮುಂದೆ ಹೋಗಿ ಕೂತರೆ ಅವರು ಮಾಡುವುದಾದರೂ ಏನು?"

ಅವನ ದನಿಯಲ್ಲಿ ಕುತೂಹಲವೂ ಇತ್ತು, ಉತ್ತರ ತನಗೆ ಮೊದಲೇ ಗೊತ್ತು ಎಂಬ ಧಾಟಿಯೂ ಇತ್ತು. ಗುರು ಈ ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಅವನ ಒಂದೇ ಮಗು ಜ್ವರ ಬಂದು ತೀರಿಕೊಂಡಿತು. ಅಂದಿನಿಂದ ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತು ಬಿಟ್ಟರು. ಆದರೆ ಸಂಸಾರ ಎಂದಮೇಲೆ ಮಾತಿಲ್ಲದೆ ನಡೆಯುತ್ತದೆಯೇ? ಇಬ್ಬರೂ ಗಾಣದ ಎತ್ತಿಗೆ ಹೇಳತೊಡಗಿದರು. ಗಾಣದ ಎತ್ತಿಗೆ ಕಣ್ಣು ಕಟ್ಟುತ್ತಾರೆ, ಕಿವಿ ಕಟ್ಟುವುದಿಲ್ಲವಲ್ಲ.

"ಬಸವಾ, ರೊಟ್ಟಿ ಆರಿ ಹೋಗ್ತಿದೆ, ಬಂದು ಉಣ್ಣೋಕೆ ಹೇಳು," ಎನ್ನುವಳು ಹೆಂಡತಿ.

"ಬಸವಾ, ನಿನ್ನೆ ಸಾರಿಗೆ ಉಪ್ಪೇ ಇರಲಿಲ್ಲ ಅಂತ ಹೇಳು," ಎನ್ನುವನು ಗಂಡ.

"ನಾಲಿಗೆ ಮಾತ್ರ ಚುರುಕಾಗಿದೆ ಅಂತ ಹೇಳು ಬಸವಾ."

ಹೀಗೆ ಮೂರು ವರ್ಷ ಸಾಗಿತು. ಆಮೇಲೆ ಎತ್ತು ಮುಪ್ಪಾಗಿ ಸತ್ತಿತು. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಉಳಿಯಲಿಲ್ಲ. ಎಂಟನೆಯ ದಿನ ಹೆಂಡತಿ ಬಟ್ಟೆ ಗಂಟು ಕಟ್ಟಿ ತವರಿಗೆ ಹೊರಟಳು. ತಿರುಗಿ ಬರುವ ಯೋಚನೆ ಇರಲಿಲ್ಲ. ನೆರೆಯವರು ತಡೆದರು. ಪಕ್ಕದ ಊರಲ್ಲಿ ಸಂಸಾರದ ಕಷ್ಟ ಕೇಳುವ ಮುದುಕಿಯೊಬ್ಬಳಿದ್ದಾಳೆ, ಇಬ್ಬರೂ ಅವಳನ್ನು ಕಂಡು ಬನ್ನಿ, ಆಮೇಲೆ ಬೇಕಾದರೆ ಹೋಗುವಿಯಂತೆ ಎಂದರು.

ಇಬ್ಬರೂ ಹೋಗಿ ಕೂತರು. ಇವಳು ಕಂಬ ನೋಡಿದಳು, ಅವನು ನೆಲ ನೋಡಿದ. ಎತ್ತಿನ ಸುದ್ದಿ ಮುದುಕಿಯ ಕಿವಿಗೆ ಆಗಲೇ ಬಿದ್ದಿತ್ತು.

"ಸರಿ, ನಾನೇ ಬಸವ ಅಂದ್ಕೊಳ್ಳಿ. ಹೇಳಿ," ಎಂದಳು.

ಹೆಂಡತಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಬಸವಾ, ಮಗೂನ ಮಣ್ಣು ಮಾಡಿ ಬಂದ ದಿನವೇ ಇವರು ಗಾಣ ಹೂಡಿದರು. ಅಂಥ ಕಲ್ಲು ಮನಸ್ಸು ಎಲ್ಲಿಂದ ಬಂತು ಅಂತ ಕೇಳು."

ಗಾಣಿಗ ಬಹಳ ಹೊತ್ತು ಸುಮ್ಮನಿದ್ದ. ಮುದುಕಿಯೂ ಸುಮ್ಮನಿದ್ದಳು.

"ಬಸವಾ," ಎಂದ ಕೊನೆಗೆ, "ಗಾಣ ಕಿರುಗುಟ್ಟುತ್ತಿದ್ದರೆ ನಾನು ಅಳೋದು ಒಳಗೆ ಇವಳಿಗೆ ಕೇಳಿಸೋದಿಲ್ಲ ಅಂತ ಹೂಡಿದೆ. ಹೇಳು ಇವಳಿಗೆ."

ಮುದುಕಿ ಹೇಳಲಿಲ್ಲ. ಹೆಂಡತಿ ಗಂಡನ ಕಡೆ ತಿರುಗಿದಳು.

"ನಾನೊಬ್ಬಳೇ ಅಳ್ತಿದ್ದೀನಿ ಅಂದ್ಕೊಂಡಿದ್ನಲ್ರೀ," ಎಂದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕಾದ.

"ಮುದುಕಿ ಆಮೇಲೆ ಏನು ಬುದ್ಧಿ ಹೇಳಿದಳು?"

"ಏನೂ ಹೇಳಲಿಲ್ಲ."

"ಅಷ್ಟೇನಾ? ಸುಮ್ಮನೆ ಕೂರುವುದು ಯಾರಿಗೆ ಬರುವುದಿಲ್ಲ, ಗುರುಗಳೇ!"

"ಎಲ್ಲಿ, ಕೂತು ತೋರಿಸು," ಎಂದರು ಗುರು.