ನಿಲ್ಲದ ಸುರುಳಿ

ಬೆಟ್ಟದ ಬುಡದಲ್ಲೊಂದು ಪ್ರಯೋಗಶಾಲೆ. ಅಲ್ಲಿ ನಂಜುಂಡಾರಾಧ್ಯರೆಂಬ ಗುರುಗಳು ಲೇಸರ್ ಬೆಳಕನ್ನು ಹಗ್ಗದಂತೆ ಹುರಿಗೊಳಿಸುವುದನ್ನು ಕಲಿಸುತ್ತಿದ್ದರು. ಸುಮಂಗಲೆ ಅವರ ಶಿಷ್ಯೆ.

ಹುರಿಗೊಂಡ ಬೆಳಕನ್ನು ನೇರ ಬೆಳಕಿನ ಜೊತೆ ಬೆರೆಸಿದರೆ ಪರದೆಯ ಮೇಲೆ ಒಂದು ಸುರುಳಿ ಮೂಡುತ್ತದೆ. ಮೇಜಿನ ಮೇಲಿನ ಕನ್ನಡಿ ಕೂದಲೆಳೆಯ ನೂರರಲ್ಲೊಂದು ಪಾಲು ಸರಿದರೂ ಸಾಕು, ಸುರುಳಿ ತಿರುಗುತ್ತದೆ. ಅದು ತಿರುಗಿದ್ದನ್ನು ನೋಡಿ ಕನ್ನಡಿ ಸರಿದದ್ದನ್ನು ಅಳೆಯಬಹುದು.

ಏನೂ ಸರಿಯದಿದ್ದಾಗ ಸುರುಳಿ ನಿಂತಿರಬೇಕು. ಸುಮಂಗಲೆಯದು ನಿಲ್ಲುತ್ತಲೇ ಇರಲಿಲ್ಲ. ನಾಳೆ ಪರೀಕ್ಷಕರು ಬರುವವರಿದ್ದರು. ಅವರೆದುರು ಕಾಲು ಗಂಟೆ ಅದು ಅಲುಗದೆ ನಿಲ್ಲದಿದ್ದರೆ ಅವಳ ನಾಲ್ಕು ವರ್ಷದ ಕೆಲಸ ನೀರುಪಾಲು.

ಅವಳು ಎಲ್ಲ ತಿರುಪುಗಳನ್ನೂ ಬಿಗಿದಳು. ಫ್ಯಾನ್ ಆರಿಸಿದಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಕೊನೆಗೆ ಕನ್ನಡಿಯ ಮೇಲೆ ಬಾಗಿ, ಕಣ್ಣು ಮಿಟುಕಿಸದೆ ಕಾದಳು. ಸುರುಳಿ ತನ್ನ ಪಾಡಿಗೆ ತಿರುಗಿತು.

"ಸರ್, ಇದು ಸುಳ್ಳು ಹೇಳ್ತಿದೆ." ಅವಳ ಕಣ್ಣು ತುಂಬಿತ್ತು.

"ಊಟ ಆಯ್ತೇನಮ್ಮಾ?"

"ಇಲ್ಲ ಸರ್. ಬೆಳಗ್ಗೆಯಿಂದ ಇದರ ಪಕ್ಕ ಬಿಟ್ಟು ಕದಲಿಲ್ಲ."

"ಹೋಗಿ ಊಟ ಮಾಡ್ಕೊಂಡು ಬಾ."

"ನನ್ನ ನಾಲ್ಕು ವರ್ಷ ಹೋಗ್ತಿದೆ, ನೀವು ಊಟದ ಮಾತಾಡ್ತೀರಲ್ಲ ಸರ್!"

ಗುರುಗಳು ಬೇಸರ ಮಾಡಿಕೊಳ್ಳಲಿಲ್ಲ. ಹಸಿದ ಶಿಷ್ಯರ ಸಿಟ್ಟು ಅವರಿಗೆ ಹೊಸದೇನಲ್ಲ. ಅವಳನ್ನು ಹೊರಡಿಸಿ, ತಾವೂ ಹೊರಬಂದು ಬಾಗಿಲು ಮುಚ್ಚಿದರು.

ಅರ್ಧ ಗಂಟೆ ಕಳೆದು ಸುಮಂಗಲೆ ಮರಳಿದಾಗ ಗುರುಗಳು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಾಗಿಲ ಗಾಜಿನಿಂದ ಒಳಗೆ ನೋಡಿದಳು. ಸುರುಳಿ ನಿಂತಿತ್ತು.

"ಏನು ಮಾಡಿದ್ರಿ ಸರ್?"

"ಇಲ್ಲೇ ಕೂತಿದ್ದೆ."

ಅವಳು ಒಳಗೆ ಓಡಿ ಕನ್ನಡಿಯ ಮೇಲೆ ಬಾಗಿದಳು. ಸ್ವಲ್ಪ ಹೊತ್ತಿಗೆ ಸುರುಳಿ ಮತ್ತೆ ತಿರುಗತೊಡಗಿತು.

ಸುಮಂಗಲೆ ಹಿಂದೆ ಸರಿದಳು. ಸುರುಳಿ ನಿಲ್ಲುವವರೆಗೆ ಕಾದಳು. ಆಮೇಲೆ ಕನ್ನಡಿಯನ್ನು ಹಿಡಿದಿದ್ದ ಅಲ್ಯೂಮಿನಿಯಂ ತೋಳಿನ ಹತ್ತಿರ, ಮುಟ್ಟದೆ, ಅಂಗೈ ಚಾಚಿದಳು. ಸುರುಳಿ ತಿರುಗಿತು. ಕೈ ತೆಗೆದಳು. ಅದು ನಿಧಾನವಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿತು.

"ನನ್ನ ಮೈಯ ಬಿಸಿ!" ಎಂದಳು. "ಆ ಬಿಸಿಗೆ ತೋಳು ಹಿಗ್ಗಿ ಕನ್ನಡಿ ಸರೀತಿದೆ. ಸರ್, ಹಾಗಾದ್ರೆ ಇದು ಸುಳ್ಳು ಹೇಳ್ತಿರಲಿಲ್ವಾ?"

ಗುರುಗಳು ತಾವು ಕೂತಿದ್ದ ಕುರ್ಚಿಯಿಂದ ಎದ್ದು, ಅದರ ಧೂಳು ಒರೆಸಿದರು.

"ನೀನು ಹತ್ತಿರ ಇದ್ದೀಯ ಅಂತ ಹೇಳ್ತಿತ್ತು. ನಾಳೆ ಪರೀಕ್ಷಕರಿಗೂ ಇಲ್ಲೇ ಕುರ್ಚಿ ಹಾಕಮ್ಮಾ."